ಬಟ್ಟೆ ಮತ್ತು ಬಾಗಿಲು: ದಂಡು ಪ್ರದೇಶದಿಂದ ಹಿಜಾಬ್ ಕುರಿತು ಕೆಲವು ಮಾತು



ಪಾಶ್ಚಾತ್ಯ ಸಮಾಜ ಮುಸ್ಲಿಂ ಹೆಣ್ಣುಮಕ್ಕಳನ್ನು ಹೇಗೆ ನೋಡುತ್ತದೆ ಎಂಬ ವಿಷಯ ಬಂದಾಗ ನಮ್ಮ ಮಾತು ಸಾಮಾನ್ಯವಾಗಿ ಪ್ಯಾರಿಸ್ಸಿನಿಂದಲೋ ಲಂಡನ್ನಿನಿಂದಲೋ ಶುರುವಾಗುತ್ತದೆ. ನಾನು ಬೆಂಗಳೂರಿನ ಶಿವಾಜಿನಗರದಿಂದ ಶುರು ಮಾಡುತ್ತೇನೆ. ಆ ನೋಟ ನಮ್ಮ ಊರಿಗೆ ಪುಸ್ತಕಗಳ ಮೂಲಕ ಬಂದದ್ದಕ್ಕಿಂತ ಹೆಚ್ಚಾಗಿ ರೆಜಿಮೆಂಟು, ಮಿಷನ್ನು, ಆಸ್ಪತ್ರೆಗಳ ಜೊತೆಗೆ ಬಂತು. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈನಲ್ಲಿ. ಅಲ್ಲಿಯವರೆಗೆ ದಂಡಿನ ಬೆಂಗಳೂರು, ಪೇಟೆ ಬೆಂಗಳೂರು ಎಂಬ ಎರಡು ಊರುಗಳು ಎರಡು ಆಡಳಿತಗಳ ಕೆಳಗೆ ಬದುಕಿದವು. ದಂಡಿನ ಕಡೆ ತಮಿಳು ಮಾತಾಡುವ ಕೂಲಿಗಳು, ಗುತ್ತಿಗೆದಾರ ಮೊದಲಿಯಾರರು, ದಖನಿ ಉರ್ದುವಿನ ಕಸುಬುದಾರರು, ಕಛ್ ಕಡೆಯಿಂದ ಬಂದ ಮೆಮನ್ ವರ್ತಕರು, ಆಂಗ್ಲೋ ಇಂಡಿಯನ್ನರು ಒಂದೇ ಬೀದಿಯ ಆಚೆ ಈಚೆ ಮನೆ ಮಾಡಿದರು. ಮುಸ್ಲಿಂ ಹೆಣ್ಣುಮಕ್ಕಳ ಮೇಲೆ ಸಾಮ್ರಾಜ್ಯದ ಕಣ್ಣು ಬಿದ್ದದ್ದೂ ಈ ಬೀದಿಗಳಲ್ಲೇ.

ಆ ಕಣ್ಣಿಗೆ ಕಂಡದ್ದು ಜನಾನಾ, ಅಂದರೆ ಹೆಂಗಸರ ಒಳಮನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಓದುಗನಿಗೆ ಭಾರತದ ಹೆಣ್ಣೆಂದರೆ, ಹಿಂದೂ ಆಗಲಿ ಮುಸ್ಲಿಂ ಆಗಲಿ, ಒಳಮನೆಯಲ್ಲಿ ಕೂಡಿಹಾಕಲ್ಪಟ್ಟವಳು, ಗಾಳಿ ಬೆಳಕಿಲ್ಲದೆ ಕಾಯಿಲೆ ಬಿದ್ದವಳು, ಯಾರಾದರೂ ಬಂದು ಬಿಡಿಸಲಿ ಎಂದು ಕಾಯುತ್ತಿರುವವಳು. 1880ರಲ್ಲಿ ಇಂಗ್ಲೆಂಡಿನಲ್ಲಿ ಜನಾನಾ ಕೆಲಸಕ್ಕೆಂದೇ ಒಂದು ಮಿಷನರಿ ಸಂಘ ಹುಟ್ಟಿತು. 1885ರಲ್ಲಿ ವೈಸರಾಯ್ ಪತ್ನಿ ಲೇಡಿ ಡಫರಿನ್, ವಿಕ್ಟೋರಿಯಾ ರಾಣಿಯ ಒತ್ತಾಸೆಯಿಂದ, ಭಾರತದ ಹೆಂಗಸರಿಗೆ ವೈದ್ಯೆಯರನ್ನೂ ದಾದಿಯರನ್ನೂ ಸೂಲಗಿತ್ತಿಯರನ್ನೂ ಒದಗಿಸಲು ನಿಧಿ ತೆರೆದರು. ಈ ಕೆಲಸದಿಂದ ಬದುಕುಳಿದ ಬಾಣಂತಿಯರು ಬಹಳ. ಆ ಉಪಕಾರವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಉಪಕಾರಕ್ಕೆ ಹಣ ಎತ್ತಲು ಬಳಸಿದ ಚಿತ್ರ ಉಪಕಾರ ಮುಗಿದ ಮೇಲೂ ಉಳಿಯಿತು. ದಾನ ಕೇಳುವ ಕರಪತ್ರದಲ್ಲಿ ಹೆಣ್ಣು ಎಷ್ಟು ದೀನಳಾಗಿ ಕಂಡರೆ ಅಷ್ಟು ಒಳ್ಳೆಯದು. ಆಕೆಯ ಬಾಯಲ್ಲಿ ಒಂದು ಮಾತನ್ನೂ ಆ ಕರಪತ್ರ ಆಡಿಸುವುದಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಮಾತಾಡದೆ ಕೂತಿದ್ದರು ಎಂದು ತಿಳಿಯಬೇಡಿ. 1905ರಲ್ಲಿ ಬಂಗಾಳದ ರುಕಿಯಾ ಸಖಾವತ್ ಹುಸೇನ್ 'ಸುಲ್ತಾನಾಳ ಕನಸು' ಎಂಬ ಕಥೆ ಬರೆದರು. ಅದರಲ್ಲಿ ಗಂಡಸರು ಒಳಮನೆ ಸೇರಿರುತ್ತಾರೆ, ಹೆಂಗಸರು ಸೂರ್ಯನ ಶಾಖ ಹಿಡಿದಿಟ್ಟು ದೇಶ ಆಳುತ್ತಾರೆ. ಅದು ಇಂಗ್ಲಿಷಿನಲ್ಲಿ, ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆ ಪತ್ರಿಕೆಯನ್ನು ನಡೆಸುತ್ತಿದ್ದವರೂ ಕಮಲಾ ಸತ್ಯನಾಥನ್ ಎಂಬ ಹೆಣ್ಣುಮಗಳೇ. ಹೆಂಗಸರನ್ನು ಪರಗಂಡಸರ ಕಣ್ಣಿಗೆ ಬೀಳದಂತೆ ಇಡುವ ಗೋಷಾ ಪದ್ಧತಿಯನ್ನು ಒಳಗಿದ್ದೇ ಇಷ್ಟು ಖಾರವಾಗಿ ಪ್ರಶ್ನಿಸಿದ ರುಕಿಯಾ ತಾವು ಕಟ್ಟಿದ ಶಾಲೆಗೆ ಹುಡುಗಿಯರು ಬರಲೆಂದು ಪರದೆ ಹಾಕಿದ ಗಾಡಿಗಳ ಏರ್ಪಾಡನ್ನೂ ಮಾಡಿದರು. ಪದ್ಧತಿಯನ್ನು ವಿರೋಧಿಸುವುದು ಒಂದು ಕೆಲಸ, ಪದ್ಧತಿಯೊಳಗಿರುವ ಮಗುವಿಗೆ ಪಾಠ ತಲುಪಿಸುವುದು ಇನ್ನೊಂದು ಕೆಲಸ. ಎರಡನೆಯದು ಮೊದಲನೆಯದಕ್ಕಾಗಿ ಕಾಯುವಂತಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಈ ಉಪನ್ಯಾಸದ ಉಳಿದ ಭಾಗಕ್ಕೆ ಆ ತಿಳಿವಳಿಕೆಯೇ ನನಗೆ ಆಧಾರ.

ಅದೇ ತಿಳಿವಳಿಕೆ ಕಲ್ಲು ಗಾರೆಯ ರೂಪದಲ್ಲಿ ಶಿವಾಜಿನಗರದಲ್ಲೇ ನಿಂತಿದೆ. ಹಾಜಿ ಸರ್ ಇಸ್ಮಾಯಿಲ್ ಸೇಟ್ ದಂಡಿನ ದೊಡ್ಡ ವರ್ತಕರು, ಕಛೀ ಮೆಮನ್ ಸಮುದಾಯದವರು. ಫ್ರೇಜರ್ ಟೌನಿನ ಮಸೀದಿಗೂ ಅವರದೇ ಹೆಸರು. ಅವರ ದಾನದಿಂದ ಎದ್ದ ಹೆರಿಗೆ ಆಸ್ಪತ್ರೆಯನ್ನು ಇಂದಿಗೂ ಜನ ಗೋಷಾ ಆಸ್ಪತ್ರೆ ಎಂದೇ ಕರೆಯುತ್ತಾರೆ. ಪರಗಂಡಸರ ಕಣ್ಣಿಗೆ ಬೀಳಲೊಲ್ಲದ ಹೆಂಗಸು ಆ ಒಂದು ಕಾರಣಕ್ಕೆ ವೈದ್ಯರಿಲ್ಲದೆ ಸಾಯಬಾರದು ಎಂಬುದು ಅದರ ಹಿಂದಿನ ಯೋಚನೆ. ಗೋಷಾ ಸರಿಯೋ ತಪ್ಪೋ ಎಂಬ ಚರ್ಚೆ ಮುಗಿಯಲಿ, ಆಮೇಲೆ ಹೆರಿಗೆ ಮಾಡಿಸೋಣ ಎಂದು ಯಾರೂ ಹೇಳಲಿಲ್ಲ. ಹೆಂಗಸು ಹೇಗಿದ್ದಾಳೋ ಹಾಗೇ ಬರುವಂತೆ ಬಾಗಿಲು ಮಾಡಿಸಿದರು.

ಈಗ ಅದು ಸರ್ಕಾರದ ಹೆರಿಗೆ ಆಸ್ಪತ್ರೆ. ಬೆಳಗಿನ ಹೊತ್ತು ಅದರ ಆವರಣಕ್ಕೆ ಹೋಗಿ ನಿಂತರೆ ಕಾಣುವ ನೋಟವೇ ಬೇರೆ. ಕಪ್ಪು ಬುರ್ಖಾ ಹಾಕಿ ನಖಾಬನ್ನು ಗದ್ದದ ಕೆಳಗೆ ಇಳಿಸಿಕೊಂಡ ಬಸುರಿ, ಹೂ ಮುಡಿದ ತಮಿಳು ಬಸುರಿ, ನೈಟಿಯ ಮೇಲೆ ಟವೆಲ್ ಹೊದ್ದು ಬಂದ ಬಿಹಾರದ ಹುಡುಗಿ, ಕೊರಳಲ್ಲಿ ಜಪಸರ ಹಾಕಿದ ಕ್ರೈಸ್ತ ಅಜ್ಜಿ ಒಂದೇ ಬೆಂಚಿನಲ್ಲಿ ತಾಯಿ ಕಾರ್ಡು ಹಿಡಿದು ಕೂತಿರುತ್ತಾರೆ. ಒಂದು ವರ್ಗದ ಹೆಂಗಸರಿಗಾಗಿ ಅಗಲ ಮಾಡಿದ ಬಾಗಿಲಲ್ಲಿ ಎಲ್ಲ ವರ್ಗದ ಹೆಂಗಸರೂ ಒಳಗೆ ಬಂದರು. ಹಾಗೆಂದು ಗೋಷಾ ಪದ್ಧತಿಯನ್ನು ನಾನು ಮೆಚ್ಚುತ್ತಿಲ್ಲ. ಹೆಣ್ಣನ್ನು ಮರೆಯಲ್ಲಿಡುವುದೇ ಮನೆತನದ ಮಾನ ಎಂಬ ನಂಬಿಕೆ ಎಷ್ಟೋ ಜೀವ ತಿಂದಿದೆ. ಅಂಥದೊಂದು ಆಸ್ಪತ್ರೆ ಬೇಕಾದದ್ದೇ ಆ ನಂಬಿಕೆಯಿಂದ. ನಾನು ಹೇಳುವುದು ಸಾರ್ವಜನಿಕ ಸಂಸ್ಥೆಯ ಕರ್ತವ್ಯದ ಬಗ್ಗೆ. ಬಂದವರನ್ನು ಬಟ್ಟೆ ನೋಡಿ ವಾಪಸು ಕಳಿಸುವುದು ಅದರ ಕೆಲಸದಲ್ಲಿ ಸೇರಿಲ್ಲ.

ಸಭಿಕರೇ, ಈಗ ಸ್ವಲ್ಪ ದೂರ ಹೋಗೋಣ. ಈಜಿಪ್ಟಿನಲ್ಲಿ ಬ್ರಿಟಿಷ್ ಆಡಳಿತ ನಡೆಸಿದ ಲಾರ್ಡ್ ಕ್ರೋಮರ್, ಮುಸ್ಲಿಂ ಹೆಂಗಸಿನ ಮುಸುಕು ಆ ನಾಡಿನ ಮುನ್ನಡೆಗೆ ದೊಡ್ಡ ಅಡ್ಡಿ ಎಂದು ಬರೆದವರು. ಇಂಗ್ಲೆಂಡಿಗೆ ಮರಳಿದ ಮೇಲೆ ಅದೇ ಕ್ರೋಮರ್ ಹೆಂಗಸರಿಗೆ ಮತದಾನದ ಹಕ್ಕು ಕೊಡಬಾರದೆಂಬ ಗಂಡಸರ ಸಂಘದ ಅಧ್ಯಕ್ಷರಾದರು. ಲೈಲಾ ಅಹ್ಮದ್ ಎಂಬ ಈಜಿಪ್ಟ್ ಮೂಲದ ವಿದುಷಿ 1992ರ ತಮ್ಮ ಗ್ರಂಥದಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಈ ಚರ್ಚೆ ಮೊದಲಿನಂತೆ ಉಳಿಯಲಿಲ್ಲ. 1958ರ ಮೇ ತಿಂಗಳಲ್ಲಿ, ಸ್ವಾತಂತ್ರ್ಯ ಹೋರಾಟ ನಡೆಯುತ್ತಿದ್ದ ಅಲ್ಜೀರಿಯಾದ ರಾಜಧಾನಿಯಲ್ಲಿ ಫ್ರೆಂಚ್ ಸೇನೆಯ ಆಸರೆಯಲ್ಲಿ ಮುಸುಕು ತೆಗೆಸುವ ಸಮಾರಂಭಗಳೇ ನಡೆದವು. ಅದರ ನಂತರ ಬಹಳ ಹೆಂಗಸರು ಬೇಕೆಂದೇ ಮುಸುಕು ಹಾಕಿಕೊಂಡರು ಎಂದು ಚಿಂತಕ ಫ್ರಾಂಟ್ಸ್ ಫ್ಯಾನನ್ ದಾಖಲಿಸಿದ್ದಾರೆ. 2001ರ ನವೆಂಬರಿನಲ್ಲಿ ಅಫ್ಘಾನಿಸ್ತಾನದ ಮೇಲೆ ಬಾಂಬು ಬೀಳುತ್ತಿದ್ದಾಗ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ರೇಡಿಯೋದಲ್ಲಿ ಮಾತಾಡಿ ಆ ಯುದ್ಧವನ್ನು ಹೆಂಗಸರ ಘನತೆಯ ಹೋರಾಟವೂ ಎಂದು ಬಣ್ಣಿಸಿದರು. ಮುಸ್ಲಿಂ ಹೆಂಗಸರನ್ನು ನಿಜಕ್ಕೂ ಯಾರಾದರೂ ಬಂದು ಉಳಿಸಬೇಕೇ ಎಂಬ, ಮಾನವಶಾಸ್ತ್ರಜ್ಞೆ ಲೈಲಾ ಅಬು ಲುಘೋದ್ ಅವರ ಪ್ರಸಿದ್ಧ ಪ್ರಶ್ನೆ ಹುಟ್ಟಿದ್ದು ಆ ಸಂದರ್ಭದಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೆ ಅಮೆರಿಕದ ಸೇನೆ ಹೊರಟಿತು, ತಾಲಿಬಾನ್ ಮರಳಿತು, ಹೆಣ್ಣುಮಕ್ಕಳ ಹೈಸ್ಕೂಲುಗಳು ಮುಚ್ಚಿದವು.

ಫ್ರಾನ್ಸಿನದು ಇನ್ನೊಂದು ದಾರಿ. 1989ರಲ್ಲಿ ಪ್ಯಾರಿಸ್ಸಿಗೆ ಹತ್ತಿರದ ಕ್ರೇಯ್ ಎಂಬ ಊರಲ್ಲಿ ತಲೆವಸ್ತ್ರ ತೆಗೆಯಲೊಪ್ಪದ ಮೂವರು ಹುಡುಗಿಯರನ್ನು ಶಾಲೆಯಿಂದ ಹೊರಗಿಟ್ಟರು. ಹದಿನೈದು ವರ್ಷಗಳ ವಾದವಿವಾದದ ಬಳಿಕ 2004ರ ಮಾರ್ಚ್ 15ರಂದು ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ನಿಷೇಧಿಸುವ ಕಾನೂನು ಬಂತು. 2010ರಲ್ಲಿ ಮುಖ ಮುಚ್ಚುವ ಉಡುಪನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸುವ ಕಾನೂನೂ ಬಂತು. ಫ್ರೆಂಚರ ಲೌಕಿಕ ತತ್ವಕ್ಕೆ ಚರ್ಚಿನೊಡನೆ ನಡೆದ ಸುದೀರ್ಘ ಜಗಳದ ಹಿನ್ನೆಲೆಯಿದೆ, ಅದನ್ನು ಮರೆತು ಅವರನ್ನು ಬರೀ ದ್ವೇಷಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಧರ್ಮಗುರುಗಳ ಅಧಿಕಾರಕ್ಕೆ ಲಗಾಮು ಹಾಕಲು ಹುಟ್ಟಿದ ತತ್ವ ಹದಿಮೂರು ಹದಿನಾಲ್ಕರ ಹುಡುಗಿಯ ತಲೆಯ ಮೇಲೆ ಬಂದು ಕೂತಾಗ ಅದರ ತೂಕ ಯಾರ ಮೇಲೆ ಬಿತ್ತು ಎಂಬುದನ್ನು ಕೇಳಲೇಬೇಕು. ಇರಾನಿನಲ್ಲಂತೂ ತೆಗೆಸುವುದು, ಹಾಕಿಸುವುದು ಎರಡೂ ಆಯಿತು. 1936ರಲ್ಲಿ ರೆಜಾ ಷಾನ ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರ ಕಿತ್ತರು. 1979ರ ಕ್ರಾಂತಿಯ ನಂತರ ಬಂದ ಆಡಳಿತ ಹಿಜಾಬನ್ನು ಕಡ್ಡಾಯ ಮಾಡಿತು. 2022ರ ಸೆಪ್ಟೆಂಬರ್ 16ರಂದು ಹಿಜಾಬ್ ನಿಯಮದ ಕಾರಣಕ್ಕೆ ಪೊಲೀಸರ ವಶದಲ್ಲಿದ್ದ ಮಹ್ಸಾ ಅಮೀನಿ ಎಂಬ ಯುವತಿ ಸತ್ತಾಗ ಇರಾನಿನ ಹೆಣ್ಣುಮಕ್ಕಳು ಬೀದಿಗಿಳಿದರು. ಕಿತ್ತವರೂ ಹೊದಿಸಿದವರೂ ಆ ಹೆಣ್ಣುಮಕ್ಕಳ ಒಳಿತಿಗೇ ಎಂದಿದ್ದರು.

ಆ ಸೆಪ್ಟೆಂಬರಿನಲ್ಲೇ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕದ ಹಿಜಾಬ್ ಪ್ರಕರಣದ ವಾದ ನಡೆಯುತ್ತಿತ್ತು. ಈ ಭಾಗದಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ, ಏಕೆಂದರೆ ಪಾಶ್ಚಾತ್ಯ ನೋಟ ಎಂದು ನಾವು ಹೆಸರಿಡುವುದು ನಮ್ಮೊಳಗೆ ಎಷ್ಟು ಇಳಿದಿದೆ ಎಂಬುದು ಇಲ್ಲಿ ಕಾಣುತ್ತದೆ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆರು ವಿದ್ಯಾರ್ಥಿನಿಯರನ್ನು ತಲೆವಸ್ತ್ರ ಹಾಕಿದ ಕಾರಣಕ್ಕೆ ತರಗತಿಯಿಂದ ಹೊರಗಿಟ್ಟದ್ದರಿಂದ ಪ್ರಕರಣ ಶುರುವಾಯಿತು. ಬೇರೆ ಕಾಲೇಜುಗಳಲ್ಲಿ ಕೇಸರಿ ಶಾಲು ಹಾಕಿದ ಹುಡುಗರ ಗುಂಪು ಎದುರು ನಿಂತಿತು. 2022ರ ಫೆಬ್ರುವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಹೈಕೋರ್ಟಿನ ಪೂರ್ಣಪೀಠ ಮಧ್ಯಂತರ ಆದೇಶ ಕೊಟ್ಟಿತು, ಮಾರ್ಚ್ 15ರಂದು ತೀರ್ಪು ಬಂತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ, ಸಮವಸ್ತ್ರ ಒಂದು ಸಮಂಜಸ ನಿರ್ಬಂಧ ಎಂಬುದು ತೀರ್ಪಿನ ಸಾರ. ಮೇಲ್ಮನವಿಯಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರು, ಸುಧಾಂಶು ಧೂಲಿಯಾ ರದ್ದುಪಡಿಸಿದರು. ವಿಷಯ ದೊಡ್ಡ ಪೀಠಕ್ಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.

ಅತ್ಯಗತ್ಯ ಆಚರಣೆ ಎಂಬ ಈ ಅಳತೆಗೋಲು ಎಲ್ಲಿಂದ ಬಂತು? ಅದೂ ಉಡುಪಿಯಿಂದಲೇ. ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠ ಆಗಿನ ಮದರಾಸು ಸರ್ಕಾರದ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಧರ್ಮವೊಂದಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂಬುದು ಅದರ ಅರ್ಥ. ಮಠದ ಒಳವಿಷಯಕ್ಕೆ ಸರ್ಕಾರ ಕೈಹಾಕದಿರಲಿ ಎಂಬ ಕಾಳಜಿ ಅದರಲ್ಲಿತ್ತು. ಮುಂದಿನ ದಶಕಗಳಲ್ಲಿ ನ್ಯಾಯಾಲಯಗಳೇ ಗ್ರಂಥ ತೆರೆದು ಇದು ಅಗತ್ಯ, ಇದು ಅಲ್ಲ ಎಂದು ನಿರ್ಣಯಿಸತೊಡಗಿದವು. ಅರವತ್ತೆಂಟು ವರ್ಷಗಳ ನಂತರ ಅದೇ ಊರಿನ ಹುಡುಗಿಯರ ಅರ್ಜಿಯನ್ನು ಅದೇ ಕೋಲಿನಿಂದ ಅಳೆದರು. ಮಠಕ್ಕೆ ರಕ್ಷಣೆಯಾದದ್ದು ಹುಡುಗಿಯರಿಗೆ ಅಡ್ಡಿಯಾಯಿತು. ನನ್ನ ಅಭಿಪ್ರಾಯದಲ್ಲಿ ಕೇಳಿದ ಪ್ರಶ್ನೆಯೇ ದಾರಿ ತಪ್ಪಿತ್ತು. ಕುರ್‌ಆನಿನಲ್ಲಿ ಏನಿದೆ ಎಂದು ವಿಚಾರಿಸಿದರು. ಪರೀಕ್ಷೆಗೆ ಕೂರಬೇಕಿದ್ದ ಹುಡುಗಿಗೆ ಏನು ಬೇಕು ಎಂಬುದು ಹಿಂದೆ ಬಿತ್ತು. ನ್ಯಾಯಮೂರ್ತಿ ಧೂಲಿಯಾ ಇದನ್ನು ಗುರುತಿಸಿದರು. ಇದು ಕೊನೆಗೆ ಆಯ್ಕೆಯ ವಿಷಯ ಎಂದರು. 1986ರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು ಹಾಡದೆ ಉಳಿದ ಕೇರಳದ ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿದ ತೀರ್ಪನ್ನು ನೆನಪಿಸಿದರು.

ಇನ್ನೊಂದು ಅಂಶ ದಂಡು ಪ್ರದೇಶದ ನಮಗೆ ವಿಶೇಷವಾಗಿ ತಟ್ಟಬೇಕು. ಹೈಕೋರ್ಟ್ ತೀರ್ಪು ತರಗತಿಯನ್ನು ನ್ಯಾಯಾಲಯ, ಯುದ್ಧ ಕಾರ್ಯಾಲಯ, ಸೇನಾ ಶಿಬಿರಗಳ ಸಾಲಿಗೆ ಸೇರಿಸಿ, ಇಲ್ಲೆಲ್ಲ ವ್ಯಕ್ತಿಯ ಹಕ್ಕು ಶಿಸ್ತಿಗೆ ತಲೆಬಾಗಬೇಕು ಎಂದಿತ್ತು. ಆ ಹೋಲಿಕೆ ವಿಚಿತ್ರ ಎಂದು ಧೂಲಿಯಾ ಬರೆದರು. ಸೇನಾ ಶಿಬಿರ ಎಂದರೇನೆಂದು ಬಲ್ಲ ಊರು ನಮ್ಮದು. ಶಿಬಿರದಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು, ಏಕೆಂದರೆ ಎಲ್ಲರೂ ಒಂದೇ ಆಜ್ಞೆಗೆ ಕದಲಬೇಕು. ತರಗತಿಯಲ್ಲಿ ಮೇಷ್ಟ್ರಿಗೆ ಬೇಕಾದದ್ದು ಬೇರೆಬೇರೆ ಮನೆಗಳಿಂದ ಬಂದ, ಬೇರೆಬೇರೆ ಪ್ರಶ್ನೆ ಕೇಳುವ ಮಕ್ಕಳು. ಸಮವಸ್ತ್ರದ ಒಳ್ಳೆಯ ಉದ್ದೇಶ ಬಡವ ಬಲ್ಲಿದರ ಅಂತರ ಮರೆಮಾಚುವುದು, ಆ ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದೇ ಬಣ್ಣದ ಒಂದು ದುಪಟ್ಟಾ ತಲೆಯ ಮೇಲೆ ಬಂದರೆ ಆ ಉದ್ದೇಶ ಕೆಡುವುದು ಹೇಗೆ ಎಂಬುದಕ್ಕೆ ಮಾತ್ರ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ತಲೆ ಮುಚ್ಚುವುದು ನಮ್ಮ ನಾಡಿಗೆ ಪರಕೀಯ ಎಂಬ ಮಾತೂ ಆಗ ಕೇಳಿಬಂತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಹೆಂಗಸರು ಇಬ್ಬರೂ ತಲೆ ತುಂಬ ಸೆರಗು ಹೊದ್ದೇ ಹೊಲಕ್ಕೆ ಹೋದವರು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಸನ್ಯಾಸಿನಿಯರ ತಲೆವಸ್ತ್ರ ಯಾರ ಕಣ್ಣಿಗೂ ಚುಚ್ಚಿಲ್ಲ. ಆ ಗುಡಿಯ ಮಾತೆ ಮರಿಯಮ್ಮನಿಗೆ ನಾವು ಸೀರೆ ಉಡಿಸಿದ್ದೇವೆ. ಕಪ್ಪು ಅಬಾಯಾ ಇಷ್ಟು ವ್ಯಾಪಕವಾದದ್ದು ಈಚಿನ ದಶಕಗಳಲ್ಲಿ, ಕೊಲ್ಲಿ ದೇಶಗಳಿಗೆ ಹೋಗಿಬಂದವರ ಸಂಪರ್ಕ ಬೆಳೆದ ಮೇಲೆ, ಎಂಬುದು ನಿಜ. ಈ ಬದಲಾವಣೆಯಲ್ಲಿ ಧರ್ಮಬೋಧಕರ ಒತ್ತಡವಿದೆ, ಭಯದ ಪಾತ್ರವಿದೆ, ಫ್ಯಾಷನ್ನೂ ಇದೆ. ರಸೆಲ್ ಮಾರ್ಕೆಟ್ ಸುತ್ತಿನ ಅಂಗಡಿಗಳಲ್ಲಿ ತೋಳಿಗೆ ಕಲ್ಲು ಕೂರಿಸಿದ ಬುರ್ಖಾ, ಒಳಟೋಪಿ, ಬಣ್ಣಬಣ್ಣದ ಸ್ಕಾರ್ಫ್, ಗುಂಡುಪಿನ್ನಿನ ಡಬ್ಬಿಗಳ ನಡುವೆ ಕಾಲೇಜು ಹುಡುಗಿಯರು ತಾಯಂದಿರ ಜೊತೆ ಬಟ್ಟೆಯ ಗುಣಮಟ್ಟಕ್ಕೆ, ಬೆಲೆಗೆ ಚೌಕಾಸಿ ಮಾಡುವುದನ್ನು ನೋಡಿದವರಿಗೆ ಇವರೆಲ್ಲ ಒಂದೇ ಅಚ್ಚಿನವರು ಎನ್ನುವ ಧೈರ್ಯ ಬರಲಾರದು. ಒಬ್ಬಳಿಗೆ ಅದು ನಂಬಿಕೆ. ಇನ್ನೊಬ್ಬಳಿಗೆ ಅಪ್ಪನ ಅಪ್ಪಣೆ. ಮತ್ತೊಬ್ಬಳಿಗೆ ಕೆ.ಆರ್. ಪುರಂವರೆಗೆ ತುಂಬಿದ ಬಸ್ಸಿನಲ್ಲಿ ಒಬ್ಬಳೇ ಹೋಗಿಬರಲು ಮನೆಯಲ್ಲಿ ಅನುಮತಿ ಪಡೆಯುವ ದಾರಿ. ಹೊರಗಿನಿಂದ ಮೂರೂ ಒಂದೇ ಕಪ್ಪು.

ಮನೆಯೊಳಗೇ ಉಳಿದವರ ಕಥೆ ಇದಕ್ಕಿಂತ ಕಷ್ಟದ್ದು. ಟ್ಯಾನರಿ ರಸ್ತೆ, ಡಿ.ಜೆ. ಹಳ್ಳಿಗಳ ಇಕ್ಕಟ್ಟಿನ ಮನೆಗಳಲ್ಲಿ ಕೂತು ಊದುಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರಿಗೆ ಸಾವಿರಕ್ಕಿಷ್ಟು ಎಂದು ಕೂಲಿ. ಹೊರಗೆ ಹೋಗಿ ದುಡಿಯುವ ದಾರಿ ಇಲ್ಲದವಳ ಬೆರಳಿಗೆ ಬೆಲೆ ಕಡಿಮೆ ಎಂಬುದು ಗುತ್ತಿಗೆದಾರನಿಗೆ ಚೆನ್ನಾಗಿ ಗೊತ್ತು. ಹಿಜಾಬಿನ ಬಗ್ಗೆ ವಾರಗಟ್ಟಲೆ ಚರ್ಚಿಸಿದ ಟಿವಿ ವಾಹಿನಿಗಳು ಈ ಕೂಲಿಯ ದರವನ್ನು ಒಂದು ಸಂಜೆಯಾದರೂ ಚರ್ಚಿಸಬಹುದಿತ್ತು. ಇದೇ ಟ್ಯಾನರಿ ರಸ್ತೆಯಲ್ಲಿ 2020ರ ಆರಂಭದಲ್ಲಿ, ಬಿಲಾಲ್ ಬಾಗ್ ಎಂದು ಹೆಸರಾದ ಜಾಗದಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ ಹೆಂಗಸರು ಹಗಲೂ ರಾತ್ರಿ ಕೂತರು. ಬುರ್ಖಾ ತೊಟ್ಟವರೇ ಹೆಚ್ಚು. ಬಾಯಿಲ್ಲದವರು ಎಂದು ಕರೆಸಿಕೊಂಡವರ ಬಾಯಲ್ಲಿ ಸಂವಿಧಾನದ ಮಾತಿತ್ತು.

ಹೆಂಗಸರ ಮೇಲೆ ಸಮುದಾಯದ ಗಂಡಸರು ನಡೆಸುವ ದಬ್ಬಾಳಿಕೆಯನ್ನು ಮರೆಮಾಚಲು ಈವರೆಗಿನ ನನ್ನ ವಾದವನ್ನು ಯಾರೂ ಬಳಸಬಾರದು. ಆ ದಬ್ಬಾಳಿಕೆಯನ್ನು ನಮಗೆ ಮೊದಲು ಕನ್ನಡದಲ್ಲೇ ಹೇಳಿಕೊಟ್ಟವರಿದ್ದಾರೆ. ಕಾಸರಗೋಡಿನ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬರೆದಾಗ ತಲಾಖಿನ ಕಟ್ಟಳೆಗೆ ಸಿಕ್ಕ ಹುಡುಗಿಯ ಪಾಡು ಕನ್ನಡದ ಓದುಗರ ಮನೆ ಸೇರಿತು. ಹಾಸನದ ಬಾನು ಮುಷ್ತಾಕ್, ವಕೀಲರಾಗಿ, ಬಂಡಾಯದ ಲೇಖಕಿಯಾಗಿ, ಮಸೀದಿಗೆ ಹೆಂಗಸರ ಪ್ರವೇಶ ಬೇಕೆಂದು ಕೇಳಿ ಬಹಿಷ್ಕಾರ ಉಂಡವರು. ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂತು. ಪಶ್ಚಿಮದ ಓದುಗರ ಕೈಗೆ ಈಗ ಆ ಹನ್ನೆರಡು ಕಥೆಗಳಿವೆ. ಅವುಗಳಲ್ಲಿ ಮುಲ್ಲಾ ಮುತವಲ್ಲಿಗಳ ಮೇಲೆ ಕೋಪವಿದೆ, ಗಂಡಂದಿರ ಮೇಲೆ ಕೋಪವಿದೆ, ನಗುವೂ ಇದೆ. ಬಂದು ಬಿಡಿಸಿ ಎಂಬ ಬೇಡಿಕೆ ಎಲ್ಲೂ ಇಲ್ಲ. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ನಮ್ಮಲ್ಲೇ ಎದ್ದ ವಿರೋಧವನ್ನು ಇಲ್ಲಿ ನೆನೆಯಬೇಕು. ಸಮುದಾಯದ ಒಳಗೆ ಇವಳು ತೀರಾ ಸ್ವತಂತ್ರಳು, ಹೊರಗೆ ಇವಳು ತೀರಾ ಮುಸ್ಲಿಂ. ಸಾರಾ ಅವರಿಗೂ ಬಾನು ಅವರಿಗೂ ಈ ಎರಡೂ ಕಡೆಯ ಬಾಗಿಲುಗಳನ್ನು ತಟ್ಟಿಯೇ ಬರೆಯಬೇಕಾಯಿತು.

ಆದ್ದರಿಂದ ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಿಜಾಬ್ ಹಾಕು ಎಂದು ಅಪ್ಪನೋ ಅಣ್ಣನೋ ಜಮಾತೋ ಒತ್ತಾಯಿಸಿದರೆ ಅದು ತಪ್ಪು, ಆ ಹುಡುಗಿಯ ಪರ ನಾವು ನಿಲ್ಲಬೇಕು. ತೆಗೆ ಎಂದು ಕಾಲೇಜಿನ ಗೇಟಿನಲ್ಲಿ ಒತ್ತಾಯಿಸಿದರೂ ಅಷ್ಟೇ ತಪ್ಪು. ಆದರೆ ಎರಡರ ಪರಿಣಾಮ ಒಂದೇ ಅಲ್ಲ. ಹಾಕಿಕೊಂಡೇ ಒಳಗೆ ಬಂದವಳಿಗೆ ಓದು ಸಿಗುತ್ತದೆ, ಗೆಳತಿಯರು ಸಿಗುತ್ತಾರೆ, ಸಂಬಳ ಸಿಗುತ್ತದೆ. ನಾಳೆ ತೆಗೆಯಬೇಕೆನಿಸಿದರೆ ಮನೆಯವರ ಎದುರು ನಿಲ್ಲುವ ಕಸುವೂ ಅದರಿಂದಲೇ ಬರುತ್ತದೆ. ಗೇಟಿನಿಂದ ಮರಳಿದವಳು ಅದೇ ಅಪ್ಪನ, ಅದೇ ಅಣ್ಣನ ಮನೆಗೆ ಮರಳುತ್ತಾಳೆ. 2022ರ ಆ ದಿನಗಳಲ್ಲಿ ಪರೀಕ್ಷೆ ತಪ್ಪಿಸಿಕೊಂಡವರ, ಟಿ.ಸಿ. ಪಡೆದು ಹೋದವರ, ಓದನ್ನೇ ಬಿಟ್ಟವರ ಅನುಭವಗಳನ್ನು ನಾಗರಿಕ ಹಕ್ಕು ಸಂಘಟನೆಗಳು ದಾಖಲಿಸಿವೆ.

ಕೊನೆಯದಾಗಿ, ಮಾಡಬಹುದಾದ ಕೆಲಸದ ಬಗ್ಗೆ ಎರಡು ಮಾತು. ನ್ಯಾಯಾಲಯದ ಅಂತಿಮ ನಿರ್ಣಯ ಏನೇ ಬರಲಿ, ಸಮವಸ್ತ್ರದ ಬಣ್ಣದ ತಲೆವಸ್ತ್ರಕ್ಕೆ ಅವಕಾಶ ಕೊಟ್ಟು ಯಾವ ಗದ್ದಲವೂ ಇಲ್ಲದೆ ನಡೆದುಬಂದ ಕಾಲೇಜುಗಳು ಈ ರಾಜ್ಯದಲ್ಲಿದ್ದವು. ಆ ರೂಢಿಯನ್ನು ನಿಯಮವಾಗಿ ಬರೆದಿಡಲು ದೊಡ್ಡ ಕ್ರಾಂತಿ ಬೇಕಿಲ್ಲ. ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಉಡುಪನ್ನು ತೀರ್ಮಾನಿಸುವುದು ಕಾಲೇಜು ಅಭಿವೃದ್ಧಿ ಸಮಿತಿ, ಅದರ ಅಧ್ಯಕ್ಷರು ಸ್ಥಳೀಯ ಶಾಸಕರು. ಚುನಾವಣೆಯ ಲೆಕ್ಕ ಹಾಕುವವರ ಕೈಗೆ ಹುಡುಗಿಯರ ಬಟ್ಟೆಯ ತೀರ್ಮಾನ ಕೊಟ್ಟದ್ದು ಸರಿಯಲ್ಲ. ಆ ಸಮಿತಿಗಳಲ್ಲಿ ಓದುತ್ತಿರುವ ಹುಡುಗಿಯರೂ ಅವರ ತಾಯಂದಿರೂ ಕೂರಬೇಕು, ಉಡುಪಿನ ಪ್ರಶ್ನೆ ಬಂದಾಗ ಮೊದಲ ಮಾತು ಅವರದಾಗಬೇಕು. ಹಾಕಿಕೊಳ್ಳಲೊಲ್ಲದ ಹುಡುಗಿ ತನ್ನ ಮನೆಯ ಒತ್ತಾಯವನ್ನು ಗುಟ್ಟಾಗಿ ಹೇಳಿಕೊಳ್ಳಲು ಪ್ರತಿ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕಿ ಇರಬೇಕು. ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಆಶ್ರಯದಲ್ಲಿ ಹಲಸೂರು, ಶಿವಾಜಿನಗರ, ಕೆ.ಆರ್. ಪುರಂ ಕಡೆಯ ಕಾಲೇಜುಗಳ ಪ್ರಾಂಶುಪಾಲರನ್ನೂ ವಿದ್ಯಾರ್ಥಿನಿಯರನ್ನೂ ಒಟ್ಟಿಗೆ ಕೂರಿಸಿ ಅಂಥ ನಿಯಮದ ಕರಡನ್ನು ಬರೆಯಿಸಬಹುದೇ ಎಂದು ದತ್ತಿಯ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಕರಡು ಸಿದ್ಧಪಡಿಸುವ ಕೆಲಸದಲ್ಲಿ ಕೈಜೋಡಿಸಲು ನಾನು ಸಿದ್ಧ.